ಬಿಳಿಯ ಬೆಳಕಿನ ಒಳಗು



ಶಾಸ್ತ್ರವಿಷಯವೊಂದನ್ನು ಕನ್ನಡದಲ್ಲಿಯೇ, ಇಂಗ್ಲಿಷನ್ನು ಕಲಿಯುವ ಅವಕಾಶವಿಲ್ಲದೆ ಹೋದ ಹಿರಿಯರಿಗೂ ಈಗತಾನೆ ಶಾಲೆಯ ಮೆಟ್ಟಿಲನ್ನು ಹತ್ತುತ್ತಿರುವ ಕಿರಿಯರಿಗೂ ಒಂದೇ ಸಮನಾಗಿ ತಿಳಿಯುವಂತೆ ಹೇಳಬೇಕೆಂಬ ಆಶಯದಿಂದ ಏರ್ಪಟ್ಟಿರುವ ಈ ದತ್ತಿಯ ಉಪನ್ಯಾಸಕ್ಕೆ ನನ್ನನ್ನು ಕರೆಸಿದ್ದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ. ಇಂಥ ಕಾರ್ಯ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾದೀತೆ ಎಂದು ಅಳುಕುತ್ತಿದ್ದವರಿಗೆ ಹೇಳಿಯೇ ತೋರಿಸಿದರು. ಆ ಹಿರಿಯರನ್ನು ಸ್ಮರಿಸಿ ನನ್ನ ಮಾತನ್ನು ಆರಂಭಿಸುತ್ತೇನೆ.

ಬೆಳಕಿನಿಂದ ಬಣ್ಣ ಹೊಮ್ಮುವುದನ್ನು ಕಾಣದ ಮನುಷ್ಯನಿಲ್ಲ. ಹುಲ್ಲಿನ ತುದಿಯ ಇಬ್ಬನಿಯಲ್ಲಿ, ಅಂಚನ್ನು ಓರೆಯಾಗಿ ಕಡೆದ ಕನ್ನಡಿಯ ಮಗ್ಗುಲಲ್ಲಿ, ದೇವಸ್ಥಾನದ ಗಾಜಿನ ತೂಗುದೀಪದ ಲೋಲಕಗಳಲ್ಲಿ, ಸಂಜೆಯ ಮಳೆ ಹಿಂದೆಗೆದ ಮೇಲೆ ಮೂಡಣ ದಿಕ್ಕಿನಲ್ಲಿ ಕಟ್ಟುವ ಕಾಮನಬಿಲ್ಲಿನಲ್ಲಿ ಅದನ್ನು ಎಲ್ಲರೂ ನೋಡಿದ್ದೇವೆ. ರೋಮಿನ ಸೆನೆಕನು ಒಂದನೆಯ ಶತಮಾನದಲ್ಲಿಯೇ ಗಾಜಿನ ತುಂಡಿನ ಬಣ್ಣಗಳಿಗೂ ಕಾಮನಬಿಲ್ಲಿನ ಬಣ್ಣಗಳಿಗೂ ಹೋಲಿಕೆಯುಂಟೆಂಬುದನ್ನು ಗಮನಿಸಿದ್ದನು. ಆರನೆಯ ಶತಮಾನದ ನಮ್ಮ ವರಾಹಮಿಹಿರನು, ಸೂರ್ಯನ ನಾನಾವರ್ಣದ ಕಿರಣಗಳು ಗಾಳಿಯ ಬಡಿತಕ್ಕೆ ಸಿಕ್ಕಿ ಮೋಡ ಕವಿದ ಆಕಾಶದಲ್ಲಿ ಬಿಲ್ಲಿನ ಆಕಾರದಿಂದ ತೋರುವುದೇ ಇಂದ್ರಧನುಸ್ಸು ಎಂಬ ಅಭಿಪ್ರಾಯವನ್ನು ಬೃಹತ್ಸಂಹಿತೆಯಲ್ಲಿ ಕೊಟ್ಟಿದ್ದಾನೆ. ಬಣ್ಣಗಳು ಸೂರ್ಯನ ಕಿರಣಗಳಿಗೇ ಸೇರಿದವು ಎಂಬ ಈ ಮಾತು ಎಷ್ಟು ಗೌರವಾರ್ಹವಾದುದೋ, ಅದನ್ನು ಹಿಡಿದು ಮುಂದಿನ ಶೋಧಗಳೆಲ್ಲ ನಮ್ಮಲ್ಲಿ ಮೊದಲೇ ಇದ್ದುವೆಂದು ಸಾಧಿಸಹೊರಡುವುದು ಅಷ್ಟೇ ಅನುಚಿತವಾದುದು. ಏಕೆಂದರೆ ಗಾಳಿಯ ಬಡಿತವೆಂಬ ಕಾರಣವನ್ನು ಯಾರೂ ಒರೆಗೆ ಹಚ್ಚಿ ನೋಡಲಿಲ್ಲ. ಸೂರ್ಯನ ರಥದ ಏಳು ಕುದುರೆಗಳೇ ಏಳು ಬಣ್ಣಗಳೆಂದು ವೇದಿಕೆಗಳ ಮೇಲೆ ಆಗಾಗ ಕೇಳಿಬರುವ ವಾದವನ್ನೂ ನಾನು ಒಪ್ಪಲಾರೆ. ಬಣ್ಣಗಳು ಏಳೆಂಬ ಎಣಿಕೆ ಪ್ರಕೃತಿಯಲ್ಲಿ ಇಲ್ಲವೇ ಇಲ್ಲ. ಅದು ಎಲ್ಲಿಂದ ಬಂದಿತೆಂಬುದನ್ನು ಮುಂದೆ ಹೇಳುತ್ತೇನೆ.

ಇಷ್ಟು ಜನ ಇಷ್ಟು ಕಾಲ ನೋಡಿದ್ದರೂ ಈ ಬಣ್ಣಗಳ ಮರ್ಮ ಹದಿನೇಳನೆಯ ಶತಮಾನದವರೆಗೆ ಬಿಚ್ಚಿಕೊಳ್ಳಲಿಲ್ಲವೇಕೆ? ನೋಡಿದವರೆಲ್ಲ ಬಣ್ಣಗಳ ಚೆಲುವಿಗೆ ಮನಸೋತು ಅಲ್ಲಿಯೇ ನಿಂತರೆಂದು ನನ್ನ ಭಾವನೆ. ಬಣ್ಣ ಬಿದ್ದ ಜಾಗದ ಉದ್ದವೆಷ್ಟು, ಅಗಲವೆಷ್ಟು, ಆ ಆಕಾರ ಹಾಗೇಕೆ ಇರಬೇಕು ಎಂದು ಕೇಳಿದವನಿಗೆ ಆ ಮರ್ಮ ತಿಳಿಯಿತು. ಈ ಸಂಜೆ ನಾನು ತಮ್ಮ ಮುಂದೆ ಪ್ರತಿಪಾದಿಸಬೇಕೆಂದಿರುವುದು ಇದೊಂದನ್ನೇ.

ಹಾಗೆ ಕೇಳಿದವನು ನ್ಯೂಟನ್. ಅವನಿಗೆ ಹಿಂದಿನವರ ಮತವಿದು: ಬಿಳಿಯ ಬೆಳಕು ಶುದ್ಧವಾದುದು, ಸರಳವಾದುದು, ಏಕರೂಪವಾದುದು, ಅದು ಗಾಜನ್ನೋ ನೀರನ್ನೋ ಹೊಕ್ಕು ಹೊರಬರುವಾಗ ಕತ್ತಲೆಯೊಡನೆ ಬೆರೆತು ಮಾಸುತ್ತದೆ, ಸ್ವಲ್ಪ ಮಾಸಿದರೆ ಕೆಂಪು, ಬಹಳ ಮಾಸಿದರೆ ನೀಲಿ. ಅರಿಸ್ಟಾಟಲನ ಕಾಲದಿಂದ ಹರಿದುಬಂದ ಈ ಮತವನ್ನು ಫ್ರಾನ್ಸಿನ ಡೇಕಾರ್ಟನೂ ಇಂಗ್ಲೆಂಡಿನ ಹೂಕನೂ ತಮ್ಮ ತಮ್ಮ ರೀತಿಯಲ್ಲಿ ತಿದ್ದಿದರಾದರೂ, ಬಣ್ಣವು ಬೆಳಕಿಗೆ ದಾರಿಯಲ್ಲಿ ಅಂಟಿಕೊಂಡ ವಿಕಾರವೆಂಬ ಮೂಲಭಾವನೆಯನ್ನು ಬಿಡಲಿಲ್ಲ. ಡೇಕಾರ್ಟನು 1637ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಮನಬಿಲ್ಲಿನ ಕೋನ ಸುಮಾರು 42 ಡಿಗ್ರಿಯೇ ಏಕಾಗಬೇಕೆಂಬುದನ್ನು ಗಣಿತದಿಂದ ಸೊಗಸಾಗಿ ಸಾಧಿಸಿದ್ದನು. ಆದರೆ ಆ ಬಿಲ್ಲಿನಲ್ಲಿ ಬಣ್ಣಗಳೇಕೆ ಇರಬೇಕೆಂಬ ಪ್ರಶ್ನೆಗೆ ಬಂದಾಗ ಅವನ ಉತ್ತರ ಗುರಿ ತಪ್ಪಿತು.

ಐಸಾಕ್ ನ್ಯೂಟನ್ನನು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲಿದ್ದುಕೊಂಡು 1672ರ ಫೆಬ್ರವರಿ 6ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರವನ್ನು ನಾನು ಮನುಷ್ಯಬುದ್ಧಿಯ ಅತ್ಯುತ್ತಮ ದಾಖಲೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಕೋಣೆಯನ್ನು ಕತ್ತಲೆ ಮಾಡಿ, ಕಿಟಕಿಯ ಬಾಗಿಲಿನಲ್ಲಿ ಕಾಲಂಗುಲದ ಒಂದು ರಂಧ್ರವನ್ನು ಕೊರೆದು, ಅದರೊಳಗಿಂದ ಬಂದ ಬಿಸಿಲಿಗೆ ಮೂರು ಮಗ್ಗುಲಿನ ಗಾಜಿನ ಪಟ್ಟಕವೊಂದನ್ನು ಅಡ್ಡಲಾಗಿ ಹಿಡಿದು, 22 ಅಡಿ ದೂರದ ಎದುರುಗೋಡೆಯ ಮೇಲೆ ಬಿದ್ದ ಬಣ್ಣಗಳನ್ನು ಅವನು ನೋಡಿದನು. ಆ ಉಜ್ಜ್ವಲವಾದ ಬಣ್ಣಗಳು ಮೊದಲಿಗೆ ತನ್ನ ಮನಸ್ಸನ್ನು ರಂಜಿಸಿದುವೆಂದು ಹೇಳಿಕೊಂಡಿದ್ದಾನೆ. ಆದರೆ ಅವನು ರಂಜನೆಯಲ್ಲಿ ನಿಲ್ಲಲಿಲ್ಲ. ಬಿಂಬ ದುಂಡಗಿರಬೇಕಾಗಿತ್ತು, ಅದು ಉದ್ದವಾಗಿದೆ, ಇದೇಕೆ ಎಂದು ಕೇಳಿದನು.

ದುಂಡಗೆ ಏಕಿರಬೇಕಾಗಿತ್ತೆಂಬುದನ್ನು ತಾವು ಒಂದು ಕ್ಷಣ ನನ್ನೊಡನೆ ಲೆಕ್ಕ ಹಾಕಿ ನೋಡಬೇಕು. ಸೂರ್ಯಬಿಂಬವು ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟು, ಹೆಚ್ಚು ನಿಷ್ಕೃಷ್ಟವಾಗಿ 31 ಮಿನಿಟುಗಳಷ್ಟು ಕೋನವನ್ನು ಆವರಿಸಿಕೊಂಡಿರುತ್ತದೆ. 22 ಅಡಿಯೆಂದರೆ 264 ಅಂಗುಲ. ಅಷ್ಟು ದೂರ ಸಾಗುವ ಹೊತ್ತಿಗೆ ಆ ಕೋನ ಹರಡಿಕೊಳ್ಳುವ ಅಗಲ ಸುಮಾರು 2⅜ ಅಂಗುಲ. ಅದಕ್ಕೆ ರಂಧ್ರದ ಕಾಲಂಗುಲವನ್ನು ಕೂಡಿದರೆ 2⅝ ಅಂಗುಲ. ನ್ಯೂಟನ್ನನು ಗೋಡೆಯ ಮೇಲೆ ಅಳೆದಾಗ ಬಿಂಬದ ಅಗಲ ಸರಿಯಾಗಿ 2⅝ ಅಂಗುಲವೇ ಇತ್ತು. ಅಗಲ ಗಣಿತಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಂಡಿರುವಾಗ ಉದ್ದವು ಮಾತ್ರ 13¼ ಅಂಗುಲವಾಗಿತ್ತು. ಬೆಳಕು ಒಳಹೊಗುವಾಗಲೂ ಹೊರಬರುವಾಗಲೂ ಸಮನಾಗಿ ಬಾಗುವಂತೆ ಪಟ್ಟಕವನ್ನು ತಿರುಗಿಸಿ ನಿಲ್ಲಿಸಿದ್ದುದರಿಂದ, ಎಲ್ಲ ಕಿರಣಗಳೂ ಒಂದೇ ನಿಯಮಕ್ಕೆ ಬಾಗುವುದಾದರೆ ಉದ್ದವೂ ಅಗಲದಷ್ಟೇ ಇರತಕ್ಕದ್ದು. ಇದ್ದದ್ದು ಅದರ ಐದರಷ್ಟು. ಬಣ್ಣದ ವಿಷಯವನ್ನೇ ಎತ್ತದೆ, ಬರಿಯ ಅಳತೆಪಟ್ಟಿಯಿಂದ, ಎರಡು ಸಾವಿರ ವರ್ಷಗಳ ಮತವೊಂದು ಇಲ್ಲಿ ಬಿರುಕು ಬಿಟ್ಟಿತು.

ಹಾಗೆಂದು ಅವನು ಒಡನೆಯೇ ತೀರ್ಮಾನಕ್ಕೆ ಹಾರಲಿಲ್ಲ. ಗಾಜು ಒಂದು ಕಡೆ ತೆಳು, ಒಂದು ಕಡೆ ದಪ್ಪವಾಗಿರುವುದರಿಂದ ಹೀಗಾಗಿರಬಹುದೆ ಎಂದು ಪಟ್ಟಕದ ಬೇರೆಬೇರೆ ಭಾಗಗಳಲ್ಲಿ ಬೆಳಕನ್ನು ಹಾಯಿಸಿ ನೋಡಿದನು. ರಂಧ್ರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದನು. ಗಾಜಿನ ದೋಷವಿರಬಹುದೆ ಎಂದು ಅಂಥದೇ ಇನ್ನೊಂದು ಪಟ್ಟಕವನ್ನು ತಲೆಕೆಳಗಾಗಿ ಮೊದಲನೆಯದಕ್ಕೆ ಸೇರಿಸಿ ಹಿಡಿದಾಗ, ದೋಷ ಇಮ್ಮಡಿಯಾಗುವುದಕ್ಕೆ ಬದಲಾಗಿ ಬಣ್ಣಗಳೆಲ್ಲ ಅಡಗಿ ಬಿಂಬ ಮತ್ತೆ ದುಂಡಗಾದುದನ್ನು ಕಂಡನು. ಕೊನೆಗೆ, ಯಾವುದನ್ನು ಅವನೇ ನಿರ್ಣಾಯಕವಾದ ಪ್ರಯೋಗವೆಂದು ಕರೆದನೋ ಅದನ್ನು ಮಾಡಿದನು. ರಂಧ್ರವಿರುವ ಎರಡು ಹಲಗೆಗಳನ್ನು, ಒಂದನ್ನು ಪಟ್ಟಕದ ಹಿಂದೆಯೇ, ಇನ್ನೊಂದನ್ನು ಸುಮಾರು 12 ಅಡಿ ಆಚೆಗೆ ನಿಲ್ಲಿಸಿ, ಎರಡನೆಯದರ ಹಿಂದೆ ಮತ್ತೊಂದು ಪಟ್ಟಕವನ್ನು ಅಲುಗದಂತೆ ಇಟ್ಟು, ಮೊದಲನೆಯ ಪಟ್ಟಕವನ್ನು ಮೆಲ್ಲನೆ ತಿರುಗಿಸುತ್ತ, ಒಂದು ಸಲಕ್ಕೆ ಒಂದೇ ಬಣ್ಣ ಎರಡನೆಯ ರಂಧ್ರದಲ್ಲಿ ನುಸುಳಿ ಬರುವಂತೆ ಮಾಡಿದನು. ಮೊದಲ ಪಟ್ಟಕದಲ್ಲಿ ಹೆಚ್ಚಾಗಿ ಬಾಗಿದ್ದ ನೀಲಿ ಎರಡನೆಯದರಲ್ಲಿಯೂ ಹೆಚ್ಚಾಗಿ ಬಾಗಿತು, ಕಡಿಮೆ ಬಾಗಿದ್ದ ಕೆಂಪು ಇಲ್ಲಿಯೂ ಕಡಿಮೆ ಬಾಗಿತು. ಹೀಗೆ ಚೆನ್ನಾಗಿ ಬೇರ್ಪಟ್ಟ ಬಣ್ಣವನ್ನು ಎರಡನೆಯ ಪಟ್ಟಕವು ಬದಲಾಯಿಸಲೂ ಇಲ್ಲ, ಇನ್ನೊಂದು ಬಣ್ಣವಾಗಿ ಒಡೆಯಲೂ ಇಲ್ಲ. ಗಾಜು ಬೆಳಕಿಗೆ ಬಣ್ಣ ಹಚ್ಚುವುದೇ ನಿಜವಾಗಿದ್ದರೆ ಕೆಂಪಿಗೆ ಎರಡನೆಯ ಸಲ ಮತ್ತೇನನ್ನೋ ಹಚ್ಚಬೇಕಾಗಿತ್ತಷ್ಟೆ. ಹಾಗಾಗಲಿಲ್ಲ. ಮೊರವು ಕಾಳನ್ನೂ ಹೊಟ್ಟನ್ನೂ ಹುಟ್ಟಿಸುವುದಿಲ್ಲ, ಬೆರೆತಿದ್ದುದನ್ನು ಬೇರೆ ಮಾಡಿ ಕೊಡುತ್ತದೆ. ಪಟ್ಟಕದ ಕೆಲಸವೂ ಇಷ್ಟೇ. ಚದುರಿದ ಬಣ್ಣಗಳನ್ನು ಮಸೂರದಿಂದ ಒಂದೆಡೆಗೆ ಕೂಡಿಸಿದಾಗ ಪುನಃ ಬಿಳಿಯ ಬೆಳಕೇ ದೊರೆತು, ಈ ತೀರ್ಮಾನಕ್ಕೆ ಕೊನೆಯ ಮುದ್ರೆ ಬಿದ್ದಿತು. ಬಿಳಿಯೇ ಸಂಯುಕ್ತವಾದುದು, ಬಣ್ಣಗಳೇ ಮೂಲವಾದುವು.

ಈ ಬಣ್ಣಗಳ ಪಟ್ಟೆಗೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ರೋಹಿತವೆಂದು ಹೆಸರು. ಅದರಲ್ಲಿ ಬಣ್ಣಗಳು ಎಷ್ಟು? ನ್ಯೂಟನ್ನನು ತನ್ನ ಮೊದಲ ಉಪನ್ಯಾಸಗಳಲ್ಲಿ ಮುಖ್ಯವಾದವು ಐದೆಂದು ಹೇಳಿದ್ದನು. ಅನಂತರ ಸಂಗೀತದ ಸಪ್ತಸ್ವರಗಳ ಅಂತರಗಳಿಗೆ ಹೊಂದಿಕೆಯಾಗಲೆಂದು ಕಿತ್ತಳೆಯನ್ನೂ ಊದಾನೀಲಿಯನ್ನೂ ಸೇರಿಸಿ ಏಳು ಮಾಡಿದನು. ಬಣ್ಣ ಬಣ್ಣಕ್ಕೂ ನಡುವೆ ಗೋಡೆಯಿಲ್ಲ. ಕೆಂಪು ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ತೊಡಗಿತೆಂದು ಗೆರೆಯೆಳೆದು ತೋರಿಸಬಲ್ಲವರಿಲ್ಲ. ಪಟ್ಟೆ ನಮ್ಮ ಕಣ್ಣಿಗೆ ಮುಗಿದಲ್ಲಿಗೆ ನಿಜವಾಗಿ ಮುಗಿಯುವುದೂ ಇಲ್ಲ. 1800ರಲ್ಲಿ ವಿಲಿಯಂ ಹರ್ಷೆಲನು ರೋಹಿತದ ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತ ಬಂದು, ಕೆಂಪಿನ ಆಚೆಗೆ, ಬೆಳಕೇ ಕಾಣದ ಜಾಗದಲ್ಲಿ, ಪಾದರಸ ಇನ್ನೂ ಮೇಲಕ್ಕೆ ಏರಿದುದನ್ನು ಕಂಡನು; ಮರುವರ್ಷವೇ ಜರ್ಮನಿಯ ರಿಟ್ಟರನು ನೇರಳೆಯ ಆಚೆಗೂ ಬೆಳ್ಳಿಯ ಲವಣವೊಂದು ಕಪ್ಪಾಗುವುದನ್ನು ತೋರಿಸಿದನು. ಅವಕೆಂಪು, ಅತಿನೇರಳೆ ಎಂದು ಇಂದು ಮಕ್ಕಳೂ ಬಲ್ಲ ಕಾಣದ ಕಿರಣಗಳು ಇವೇ. ಹರ್ಷೆಲನ ಹೆಸರನ್ನು ತಾವು ನೆನಪಿನಲ್ಲಿಡಬೇಕು. ಆ ವಂಶದ ಒಬ್ಬನು ನಮ್ಮ ನಾಡಿಗೇ ಬರಲಿದ್ದಾನೆ.

ಜರ್ಮನಿಯ ಮಹಾಕವಿ ಗಯಟೆ ನ್ಯೂಟನ್ನನನ್ನು ಕೊನೆಯವರೆಗೂ ಒಪ್ಪಲಿಲ್ಲ. ಎರವಲು ತಂದ ಪಟ್ಟಕವನ್ನು ಹಿಂದಿರುಗಿಸುವ ಅವಸರದಲ್ಲಿ ಕಣ್ಣಿಗೆ ಹಿಡಿದು ಬಿಳಿಯ ಗೋಡೆಯನ್ನು ನೋಡಿದಾಗ, ಗೋಡೆ ಏಳು ಬಣ್ಣವಾಗಿ ಒಡೆಯದೆ ಬೆಳ್ಳಗೆಯೇ ಉಳಿದು, ಕಿಟಕಿಯ ಸರಳುಗಳ ಅಂಚಿನಲ್ಲಿ ಮಾತ್ರ ಬಣ್ಣ ಕಂಡಿತು. ನ್ಯೂಟನ್ನನು ತಪ್ಪಿದನೆಂದು ಅವನು ಅಲ್ಲಿಯೇ ನಿಶ್ಚಯಿಸಿ 1810ರಲ್ಲಿ ದೊಡ್ಡ ಗ್ರಂಥವನ್ನೇ ಬರೆದನು. ಅವನು ಕಂಡದ್ದು ನಿಜ. ತಾವೂ ಪಟ್ಟಕವನ್ನು ಹಿಡಿದು ನೋಡಿದರೆ ಹಾಗೆಯೇ ಕಾಣುವುದು. ಆದರೆ ಗೋಡೆಯ ಒಂದೊಂದು ಬಿಂದುವೂ ತನ್ನ ತನ್ನ ರೋಹಿತವನ್ನು ಚೆಲ್ಲುತ್ತಿರಲಾಗಿ, ನಡುಜಾಗದಲ್ಲಿ ಒಂದರ ಕೆಂಪಿನ ಮೇಲೆ ಇನ್ನೊಂದರ ಹಸಿರು, ಮತ್ತೊಂದರ ನೀಲಿ ಬಿದ್ದು ಎಲ್ಲವೂ ಕೂಡಿ ಬಿಳಿಯಾಗುತ್ತವೆ. ಹೀಗೆ ಬೀಳಲು ಜೊತೆಗಾರರಿಲ್ಲದ ಅಂಚಿನಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಬಣ್ಣವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಕುರಿತು ಕವಿ ಬರೆದುದು ಇಂದಿಗೂ ಓದತಕ್ಕದ್ದು. ಬೆಳಕಿನ ವಿಷಯದಲ್ಲಿ ಮಾತ್ರ ಅವನು ಸೋತನು, ಕಿರಿದಾದ ರಂಧ್ರವೆಂಬ ಕಟ್ಟುಪಾಡನ್ನು ಒಪ್ಪಲಾರದೆ ಸೋತನು.

ಗಾಜು ಹೀಗೆ ವಿಂಗಡಿಸುವುದು ಹೇಗೆಂಬುದನ್ನು ಈಗ ಹೇಳಬೇಕು. ಬೆಳಕು ಒಂದು ತರಂಗ. ಕೆಂಪಿನ ತುದಿಯಲ್ಲಿ ಅದರ ಅಲೆಯಿಂದ ಅಲೆಗೆ ಇರುವ ದೂರ ಮಿಲಿಮೀಟರಿನ ಹತ್ತುಸಾವಿರದಲ್ಲಿ ಏಳು ಭಾಗ, ನೇರಳೆಯ ತುದಿಯಲ್ಲಿ ನಾಲ್ಕು ಭಾಗ. ಶೂನ್ಯದಲ್ಲಿ ಎಲ್ಲ ಬಣ್ಣಗಳೂ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರುಗಳ ಒಂದೇ ವೇಗದಿಂದ ಧಾವಿಸುತ್ತವೆ. ಗಾಜನ್ನು ಹೊಕ್ಕಾಗ ಆ ವೇಗ ಎರಡು ಲಕ್ಷದ ಸಮೀಪಕ್ಕೆ ಇಳಿಯುತ್ತದೆ. ಓರೆಯಾಗಿ ಹೊಕ್ಕ ಕಿರಣ ಬಾಗುವುದು ಈ ವೇಗವ್ಯತ್ಯಾಸದಿಂದಲೇ. ನೀರಿನಲ್ಲಿ ಬೆಳಕಿನ ವೇಗ ಕುಗ್ಗುವುದನ್ನು 1850ರಲ್ಲಿ ಫೂಕೋ ಪ್ರಯೋಗದಿಂದಲೇ ತೋರಿಸಿಕೊಟ್ಟನು. ಇಳಿಕೆ ಎಲ್ಲ ಬಣ್ಣಗಳಿಗೂ ಒಂದೇ ಅಲ್ಲ. ಬೆಳಕಿನ ತರಂಗವು ಹಾಯ್ದುಹೋಗುವಾಗ ಗಾಜಿನ ಅಣುಗಳಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನ ತಾಳಕ್ಕೆ ತೂಗಾಡಿಸುತ್ತದೆ. ಆ ಎಲೆಕ್ಟ್ರಾನುಗಳಿಗೆ ಸಹಜವಾದ ತಾಳವೊಂದು ಅತಿನೇರಳೆಯ ಕಡೆಗಿದೆ. ನೇರಳೆ ಅದಕ್ಕೆ ಹತ್ತಿರವಾಗಿಯೂ ಕೆಂಪು ದೂರವಾಗಿಯೂ ಇರುವ ಕಾರಣ, ಎಲೆಕ್ಟ್ರಾನುಗಳು ನೇರಳೆಗೆ ಹೆಚ್ಚಾಗಿ ಓಗೊಡುತ್ತವೆ, ಅದನ್ನು ಹೆಚ್ಚಾಗಿ ತಡೆಯುತ್ತವೆ, ಹೆಚ್ಚಾಗಿ ಬಾಗಿಸುತ್ತವೆ. ವ್ಯತ್ಯಾಸ ಅತ್ಯಲ್ಪ, ಸಾಧಾರಣ ಕ್ರೌನ್ ಗಾಜಿನಲ್ಲಿ ಎರಡು ತುದಿಗಳ ವೇಗಗಳಿಗೆ ನೂರಕ್ಕೆ ಒಂದರಷ್ಟು ಮಾತ್ರ ಅಂತರ. ಕಿಟಕಿಯ ಗಾಜಿನಲ್ಲಿ ಎರಡು ಮುಖಗಳೂ ಸಮಾಂತರವಾಗಿದ್ದು, ಮೊದಲ ಮುಖದಲ್ಲಿ ಆದ ಬಾಗನ್ನು ಎರಡನೆಯದು ತಿದ್ದಿಬಿಡುವುದರಿಂದ ನಮ್ಮ ಮನೆಗಳಲ್ಲಿ ಹಗಲೆಲ್ಲ ಬಣ್ಣದ ಹಬ್ಬವಿಲ್ಲ. ಪಟ್ಟಕದಲ್ಲಿ ಮುಖಗಳು ಒಂದಕ್ಕೊಂದು ಓರೆಯಾಗಿರಲಾಗಿ ಎರಡನೆಯ ಬಾಗು ಮೊದಲನೆಯದಕ್ಕೆ ಕೂಡಿಕೊಳ್ಳುತ್ತದೆ. ಮಳೆಹನಿಯಲ್ಲಿಯೂ ಇದೇ ವ್ಯಾಪಾರ: ಕಿರಣ ಒಳಹೊಗುವಾಗ ಒಮ್ಮೆ ಬಾಗಿ, ಹಿಂಬದಿಯಲ್ಲಿ ಪ್ರತಿಫಲಿಸಿ, ಹೊರಬರುವಾಗ ಮತ್ತೊಮ್ಮೆ ಬಾಗುತ್ತದೆ, ಕೆಂಪು ಸುಮಾರು 42 ಡಿಗ್ರಿಯಲ್ಲಿಯೂ ನೇರಳೆ ಸುಮಾರು 40 ಡಿಗ್ರಿಯಲ್ಲಿಯೂ ನಮ್ಮ ಕಣ್ಣಿಗೆ ಮುಟ್ಟುತ್ತವೆ. ಸೂರ್ಯನು 42 ಡಿಗ್ರಿಗಿಂತ ಮೇಲೇರಿದ ಹೊತ್ತಿನಲ್ಲಿ ಬಯಲಲ್ಲಿ ನಿಂತವನಿಗೆ ಆಕಾಶದಲ್ಲಿ ಕಾಮನಬಿಲ್ಲು ಕಾಣದಿರುವುದಕ್ಕೂ ಇದೇ ಕಾರಣ.

ನ್ಯೂಟನ್ನನು ಒಂದು ಕಡೆ ಎಡವಿದನು. ಆ ಎಡವಿನ ಕಥೆ ಅವನ ಗೆಲವಿನಷ್ಟೇ ಬೋಧಪ್ರದವಾದುದು. ಲಿಯೇಜ್ ನಗರದ ಲೂಕಸ್ ಎಂಬ ಪಾದ್ರಿ ಇದೇ ಪ್ರಯೋಗವನ್ನು ಮಾಡಿ, ತನಗೆ ಬಿಂಬದ ಉದ್ದ ಅಗಲದ ಐದರಷ್ಟು ಬರಲಿಲ್ಲ, ಮೂರು ಅಥವಾ ಮೂರೂವರೆಯಷ್ಟು ಮಾತ್ರ ಬಂದಿತೆಂದು 1676ರಲ್ಲಿ ಬರೆದು ತಿಳಿಸಿದನು. ಗಾಜಿನ ಜಾತಿ ಬದಲಾದರೆ ಬಣ್ಣಗಳನ್ನು ಹರಡುವ ಶಕ್ತಿಯೂ ಬದಲಾಗುತ್ತದೆಂಬ ಮಹತ್ತ್ವದ ಸತ್ಯಕ್ಕೆ ದಾರಿ ಆ ಪತ್ರದಲ್ಲಿತ್ತು. ಅಳತೆಯನ್ನು ಅಷ್ಟು ನಂಬಿದ್ದ ನ್ಯೂಟನ್ನನು ಇನ್ನೊಬ್ಬನ ಅಳತೆಯನ್ನು ನಂಬದೆ, ತನ್ನದೇ ಸರಿಯೆಂದು ಹಟ ಹಿಡಿದನು. ಬಣ್ಣದ ಅಂಚಿಲ್ಲದೆ ಬಿಂಬವನ್ನು ಮೂಡಿಸುವ ಮಸೂರ ಅಸಾಧ್ಯವೆಂಬ ನಂಬಿಕೆಯಿಂದಲೇ ಅವನು ಕನ್ನಡಿಯ ದೂರದರ್ಶಕವನ್ನು ಕಲ್ಪಿಸಿದ್ದು. ಎರಡು ಜಾತಿಯ ಗಾಜುಗಳನ್ನು ಜೋಡಿಸಿದರೆ ಒಂದು ಹರಡಿದ ಬಣ್ಣವನ್ನು ಇನ್ನೊಂದು ಕೂಡಿಸೀತೆಂಬುದನ್ನು ಚೆಸ್ಟರ್ ಮೂರ್ ಹಾಲನು ಕಂಡುಕೊಂಡನು; 1758ರಲ್ಲಿ ಜಾನ್ ಡಾಲಂಡನು ಅಂಥ ಮಸೂರಗಳಿಗೆ ಹಕ್ಕುಪತ್ರವನ್ನು ಪಡೆದನು.

ಅಂಥ ಮಸೂರಗಳನ್ನು ನಿರ್ದುಷ್ಟವಾಗಿ ತಯಾರಿಸಬೇಕೆಂಬ ಹಂಬಲವೇ ಮುಂದಿನ ಶೋಧಕ್ಕೆ ತಾಯಿಯಾಯಿತು. ಯೋಸೆಫ್ ಫ್ರೌನ್‌ಹೋಫರನು 1787ರಲ್ಲಿ ಬವೇರಿಯದ ಬಡಕುಟುಂಬದಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೇ ತಬ್ಬಲಿಯಾಗಿ, ಮ್ಯೂನಿಕ್ಕಿನ ಗಾಜುಗೆಲಸದವನೊಬ್ಬನಲ್ಲಿ ದುಡಿಯುತ್ತಿದ್ದನು. 1801ರಲ್ಲಿ ಆ ಮನೆ ಕುಸಿದುಬಿದ್ದಾಗ ಅವಶೇಷಗಳಡಿಯಲ್ಲಿ ಸಿಕ್ಕಿಕೊಂಡ ಹುಡುಗನನ್ನು ಜೀವಸಹಿತ ಹೊರತೆಗೆದರು. ಸ್ಥಳಕ್ಕೆ ಬಂದಿದ್ದ ದೊರೆ ಕೊಟ್ಟ ಹಣದಿಂದ ಅವನು ಗಾಜು ಉಜ್ಜುವ ಯಂತ್ರವೊಂದನ್ನು ಕೊಂಡು, ಸೇವೆಯ ಕರಾರಿನಿಂದ ಬಿಡುಗಡೆಯನ್ನೂ ಕೊಂಡುಕೊಂಡನು. ಒಂದೊಂದು ಗಾಜೂ ಒಂದೊಂದು ಬಣ್ಣವನ್ನು ಎಷ್ಟೆಷ್ಟು ಬಾಗಿಸುತ್ತದೆಂದು ಅಳೆಯುವುದು ಅವನ ಉದ್ದೇಶ. ಆದರೆ ಒಂದರೊಳಗೊಂದು ಕರಗಿಹೋಗುವ ಬಣ್ಣಗಳ ಪಟ್ಟೆಯಲ್ಲಿ ಅಳತೆಗೋಲನ್ನು ಊರುವುದು ಎಲ್ಲಿ? ಅಂಥ ಗುರುತಿಗಾಗಿ ಹುಡುಕುತ್ತ, 1814ರ ಸುಮಾರಿಗೆ, ಬಿಸಿಲನ್ನು ಕಿರಿದಾದ ಸೀಳುಗಂಡಿಯಿಂದ ಬಿಟ್ಟು, ಪಟ್ಟಕದ ಆಚೆಗೆ ದೂರದರ್ಶಕವನ್ನಿಟ್ಟು ನೋಡಿದಾಗ, ರೋಹಿತದ ಉದ್ದಕ್ಕೂ ಅಡ್ಡಲಾಗಿ ನೂರಾರು ಕಪ್ಪುಗೆರೆಗಳು ಕಂಡುವು. ಇಂಗ್ಲೆಂಡಿನ ವೊಲ್ಲಾಸ್ಟನ್ನನು 1802ರಲ್ಲಿಯೇ ಇಂಥ ಕೆಲವು ಗೆರೆಗಳನ್ನು ಕಂಡು, ಅವು ಬಣ್ಣಗಳ ಗಡಿಗಳಿರಬೇಕೆಂದು ಕೈಬಿಟ್ಟಿದ್ದನು. ಫ್ರೌನ್‌ಹೋಫರನು 574 ಗೆರೆಗಳನ್ನು ಎಣಿಸಿ, ಮುಖ್ಯವಾದವುಗಳಿಗೆ ಅಕ್ಷರದ ಹೆಸರುಗಳನ್ನಿಟ್ಟು, ಶುಕ್ರನ ಬೆಳಕಿನಲ್ಲಿ ಸೂರ್ಯನ ಗೆರೆಗಳೇ ಇವೆಯೆಂದೂ ಲುಬ್ಧಕ ನಕ್ಷತ್ರದಲ್ಲಿ ಬೇರೆಯ ಗೆರೆಗಳಿವೆಯೆಂದೂ ನೋಡಿಟ್ಟು, 1826ರಲ್ಲಿ 39ನೆಯ ವಯಸ್ಸಿಗೆ ತೀರಿಕೊಂಡನು. ನ್ಯೂಟನ್ನನ ದುಂಡುರಂಧ್ರದಲ್ಲಿ ಸೂರ್ಯಬಿಂಬಗಳು ಒಂದರ ಮೇಲೊಂದು ಬಿದ್ದು ಮುಚ್ಚಿಹಾಕಿದ್ದ ಗೆರೆಗಳು ಇವು. ರಂಧ್ರ ಕಿರಿದಾಗಿ ಸೀಳಾದೊಡನೆ ಹೊರಬಿದ್ದುವು.

ಆ ಗೆರೆಗಳ ಅರ್ಥವನ್ನು ತಿಳಿದವರು ಹೈಡಲ್‌ಬರ್ಗಿನ ಕಿರ್ಕಾಫ್ ಮತ್ತು ಬುನ್‌ಸೆನ್, 1859ರಲ್ಲಿ. ಒಲೆಯ ಉರಿಗೆ ಉಪ್ಪಿನ ಕಣ ಬಿದ್ದಾಗ ಜ್ವಾಲೆ ಫಕ್ಕನೆ ಹಳದಿಯಾಗುವುದನ್ನು ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ನೋಡಿಯೇ ಇದ್ದಾರೆ. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬಣ್ಣ. ಪಟ್ಟಕದಲ್ಲಿ ನೋಡಿದರೆ ಅದು ಒತ್ತೊತ್ತಾಗಿರುವ ಎರಡು ಹಳದಿ ಗೆರೆಗಳಾಗಿ ತೋರುತ್ತದೆ. ಫ್ರೌನ್‌ಹೋಫರನು ಸೂರ್ಯನ ರೋಹಿತದಲ್ಲಿ ಡಿ ಎಂದು ಹೆಸರಿಟ್ಟ ಕಪ್ಪುಗೆರೆಗಳ ಜಾಗವೂ ಸರಿಯಾಗಿ ಅದೇ. ಕಿರ್ಕಾಫನು ಬಿಸಿಲನ್ನು ಉಪ್ಪಿನ ಜ್ವಾಲೆಯೊಳಗಿಂದ ಹಾಯಿಸಿ ನೋಡಿದನು. ಹಳದಿಯ ಬೆಳಕು ಸೇರಿ ಆ ಕಪ್ಪು ತುಂಬಿಹೋದೀತೆಂದು ಯಾರಾದರೂ ಎಣಿಸುವರು. ಅದು ಇನ್ನಷ್ಟು ಕಪ್ಪಾಯಿತು. ಒಂದು ಅನಿಲವು ಉರಿದು ಯಾವ ಬಣ್ಣಗಳನ್ನು ಸೂಸುತ್ತದೆಯೋ, ತನಗಿಂತ ಬಿಸಿಯಾದ ಮೂಲದ ಬೆಳಕು ತನ್ನೊಳಗೆ ಹಾಯುವಾಗ ಅವೇ ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಸೂರ್ಯನ ಹೊರಗವಚದಲ್ಲಿ ಸೋಡಿಯಮ್ ಇದೆ. ನಕ್ಷತ್ರಗಳ ದ್ರವ್ಯವೇನೆಂಬುದು ಮನುಷ್ಯನಿಗೆ ಎಂದೆಂದಿಗೂ ತಿಳಿಯಲಾರದೆಂದು ಫ್ರಾನ್ಸಿನ ದಾರ್ಶನಿಕ ಕೋಂಟನು 1835ರಲ್ಲಿ ಬರೆದು ಕಾಲುಶತಮಾನ ತುಂಬುವುದರೊಳಗೆ ಸೂರ್ಯನಲ್ಲಿ ಸೋಡಿಯಮ್ ಇದೆಯೆಂಬುದು ಸಿದ್ಧವಾಯಿತು. ಈ ವಿಧಾನದ ಸೂಕ್ಷ್ಮತೆ ಎಷ್ಟೆಂದರೆ, ಸುಮಾರು 60 ಘನಮೀಟರಿನ ಕೋಣೆಯ ಒಂದು ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಮ್ ಲವಣವನ್ನು ಅವರು ಸಿಡಿಸಲಾಗಿ, ಎದುರುಮೂಲೆಯ ಜ್ವಾಲೆಯಲ್ಲಿ ಕೆಲವು ನಿಮಿಷಗಳಲ್ಲಿ ಹಳದಿ ಗೆರೆ ಎದ್ದಿತು. ಮುಂದಿನ ಎರಡು ವರ್ಷಗಳಲ್ಲಿ ಅವರು ಹೊಸ ಗೆರೆಗಳ ಸುಳಿವನ್ನು ಹಿಡಿದು ಸೀಸಿಯಮ್, ರುಬಿಡಿಯಮ್ ಎಂಬ ಎರಡು ಹೊಸ ಧಾತುಗಳನ್ನು ಪತ್ತೆಮಾಡಿದರು.

ಇಲ್ಲಿಂದ ಕಥೆ ನಮ್ಮ ನಾಡಿಗೆ ಬರುತ್ತದೆ. 1868ರ ಆಗಸ್ಟ್ 18ರಂದು ಭರತಖಂಡದ ಮೇಲೆ ಹಾದುಹೋದ ಖಗ್ರಾಸ ಸೂರ್ಯಗ್ರಹಣವನ್ನು ರೋಹಿತದರ್ಶಕದಿಂದ ನೋಡಬೇಕೆಂದು ಹಲವು ತಂಡಗಳು ಹೊರಟುವು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನೆಲೆಯೂರಿದನು. ಮದರಾಸು ವೇಧಶಾಲೆಯ ಪಾಗ್ಸನ್ ಮಚಲಿಪಟ್ಟಣಕ್ಕೆ ಹೋದನು. ರಾಯಲ್ ಸೊಸೈಟಿಯ ಉಪಕರಣಗಳೊಡನೆ ಜಮಖಂಡಿಗೆ ಬಂದವನು, ಭಾರತದ ಮಹಾ ತ್ರಿಕೋನಮಿತಿ ಮೋಜಣಿಯಲ್ಲಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್; ಕೆಂಪಿನ ಆಚೆಗೆ ಕಾಣದ ಕಿರಣವನ್ನು ಕಂಡ ವಿಲಿಯಂ ಹರ್ಷೆಲನ ಮೊಮ್ಮಗ. ಅವನ ತಂದೆಯೂ ಜ್ವಾಲೆಗಳ ರೋಹಿತವನ್ನು ಅಭ್ಯಾಸ ಮಾಡಿದ್ದವನೇ. ಅಂದಿಗೆ ಪಟವರ್ಧನರ ಸಂಸ್ಥಾನವಾಗಿದ್ದು ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಆ ಊರಿನಲ್ಲಿ ಅಂದು ಮುಂಗಾರಿನ ಮೋಡಗಳು ಅಡ್ಡಬರುತ್ತಿದ್ದುವು. ಗ್ರಹಣದ ಪೂರ್ಣಾವಸ್ಥೆಯ ಕೆಲವೇ ನಿಮಿಷಗಳಲ್ಲಿ ಮೋಡ ಸರಿದಾಗ, ಸೂರ್ಯನ ಅಂಚಿನಿಂದ ಎದ್ದ ಕೆನ್ನಾಲಗೆಯ ಕಡೆಗೆ ಅವನು ಸೀಳುಗಂಡಿಯನ್ನು ತಿರುಗಿಸಿದನು. ಎಡೆಬಿಡದ ಬಣ್ಣದ ಪಟ್ಟೆಯಿಲ್ಲ. ಕೆಂಪು, ಕಿತ್ತಳೆ, ನೀಲಿ, ಇವಿಷ್ಟೇ ಮೂರು ಜ್ವಲಂತವಾದ ಗೆರೆಗಳು. ಆ ಕೆನ್ನಾಲಗೆಗಳು ಘನವೂ ಅಲ್ಲ, ದ್ರವವೂ ಅಲ್ಲ, ಉರಿಯುವ ಅನಿಲವೆಂಬುದು ಜಮಖಂಡಿಯಲ್ಲಿಯೂ ಗುಂಟೂರಿನಲ್ಲಿಯೂ ಒಂದೇ ದಿನ ನಿಶ್ಚಿತವಾಯಿತು.

ಆ ಮೂರರಲ್ಲಿ ನಡುವಣ ಗೆರೆಯನ್ನು ಅಂದು ಸೋಡಿಯಮ್ಮಿನ ಡಿ ಗೆರೆಯೆಂದೇ ಭಾವಿಸಲಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್ಯರನು ಗ್ರಹಣವಿಲ್ಲದೆಯೇ ಸೂರ್ಯನ ಅಂಚನ್ನು ಪರೀಕ್ಷಿಸಿ, ಗೆರೆಯ ಸ್ಥಾನವನ್ನು ಅಳೆದಾಗ, ಅದು ಡಿ ಜಾಗದಿಂದ ತುಸುವೇ ಸರಿದು ನಿಂತಿತ್ತು. ಆ ತುಸುವೇ ಒಂದು ಹೊಸ ಧಾತು: ಹೀಲಿಯಮ್. 27 ವರ್ಷಗಳ ತರುವಾಯ, 1895ರಲ್ಲಿ, ರಾಮ್ಸೇಯು ಕ್ಲೀವೈಟ್ ಎಂಬ ಖನಿಜದಿಂದ ಅದೇ ಅನಿಲವನ್ನು ಹೊರಡಿಸಿ ಭೂಮಿಯ ಮೇಲೆ ಅದು ಇರುವುದನ್ನು ತೋರಿಸಿದನು. ಸೂರ್ಯನ ತೂಕದಲ್ಲಿ ಸುಮಾರು ಕಾಲುಭಾಗವಾಗಿರುವ ಈ ದ್ರವ್ಯದ ಬೆಳಕು ಮೊಟ್ಟಮೊದಲಿಗೆ ಪಟ್ಟಕದಲ್ಲಿ ಬಿದ್ದ ಕೆಲವೇ ಸ್ಥಳಗಳಲ್ಲಿ ನಮ್ಮ ಜಮಖಂಡಿಯೂ ಒಂದೆಂಬ ಸಂಗತಿಯನ್ನು ನಮ್ಮ ಪಾಠಪುಸ್ತಕಗಳು ಹೇಳುವುದು ನ್ಯಾಯ.

ಇನ್ನೊಂದು ಹೆಜ್ಜೆ ನಮ್ಮವರದೇ. ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ಕೆ. ಎಸ್. ಕೃಷ್ಣನ್ನರೊಡಗೂಡಿ, ಪಾದರಸದ ದೀಪದ ಬೆಳಕಿನಿಂದ ಒಂದೇ ಬಣ್ಣವನ್ನು ಆರಿಸಿ ದ್ರವಗಳ ಮೇಲೆ ಬಿಟ್ಟಾಗ, ಚದುರಿ ಬಂದ ಬೆಳಕಿನ ರೋಹಿತದಲ್ಲಿ ಮೂಲದಲ್ಲಿಲ್ಲದ ಹೊಸ ಗೆರೆಗಳು ತೋರಿದುವು. ಒಂದೇ ಬಣ್ಣವನ್ನು ಆರಿಸಿಕೊಂಡದ್ದರಿಂದಲೇ ಅವು ಕಂಡುವು. ಬಿಳಿಯ ಬೆಳಕನ್ನೇ ಬಿಟ್ಟಿದ್ದರೆ ಬಣ್ಣಗಳ ನೆರವಿಯಲ್ಲಿ ಆ ಮಂದವಾದ ಗೆರೆಗಳು ಮುಳುಗಿಹೋಗುತ್ತಿದ್ದುವು. 1928ರ ಫೆಬ್ರವರಿ 28ರ ಈ ಶೋಧವನ್ನು ರಾಮನ್ನರು ವಿಸ್ತಾರವಾಗಿ ವಿದ್ವಜ್ಜನರ ಮುಂದಿಟ್ಟದ್ದು ಮಾರ್ಚ್ 16ರಂದು ಬೆಂಗಳೂರಿನ ಸಭೆಯೊಂದರಲ್ಲಿ. ಅದು ಸಾರ್ವಜನಿಕ ಉಪನ್ಯಾಸವೇ ಆಗಿತ್ತೆಂಬುದನ್ನು ಈ ವೇದಿಕೆಯಿಂದ ಹೇಳಲು ನನಗೆ ಹೆಮ್ಮೆಯೆನಿಸುತ್ತದೆ.

ಇಲ್ಲಿ ನೆರೆದಿರುವ ಅಧ್ಯಾಪಕರಲ್ಲಿ ನನ್ನ ಬಿನ್ನಹ ಒಂದುಂಟು. ನಮ್ಮ ಶಾಲೆಗಳಲ್ಲಿ ಮಕ್ಕಳು ಏಳು ಬಣ್ಣಗಳ ಹೆಸರನ್ನು ಕ್ರಮವಾಗಿ ಬಾಯಿಪಾಠ ಒಪ್ಪಿಸುತ್ತಾರೆ. ಪಟ್ಟಕವನ್ನು ಕೈಯಲ್ಲಿ ಹಿಡಿದವರು ವಿರಳ, ಬಿಂಬದ ಉದ್ದಗಲಗಳನ್ನು ಅಳೆದವರು ಇನ್ನೂ ವಿರಳ. ವರ್ಷಕ್ಕೆ ಒಂದು ದಿನವಾದರೂ ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ರಟ್ಟಿನಲ್ಲಿ ಕಾಲಂಗುಲದ ರಂಧ್ರವನ್ನು ಮಾಡಿ, ಬಿಸಿಲನ್ನು ಪಟ್ಟಕದ ಮೇಲೆ ಬೀಳಿಸಿ, ಮಗುವಿನ ಕೈಗೆ ಅಳತೆಪಟ್ಟಿಯನ್ನು ಕೊಡಿ. ಪಟ್ಟಕದ ಮೂಲಕ ನೇರವಾಗಿ ಸೂರ್ಯನನ್ನು ನೋಡಗೊಡಬೇಡಿ, ಅದು ಕಣ್ಣಿಗೆ ಅಪಾಯ. ಗೋಡೆಯ ಮೇಲಿನ ಬಿಂಬವನ್ನು ಮಾತ್ರ ನೋಡಲಿ. ಅಗಲವೆಷ್ಟು, ಉದ್ದವೆಷ್ಟು, ಉದ್ದವೇಕೆ ಹೆಚ್ಚೆಂದು ಮಗು ತಾನಾಗಿ ಕೇಳುವವರೆಗೆ ಉತ್ತರವನ್ನು ಹೇಳದೆ ಕಾದಿರಿ. ಒಂದು ಪಟ್ಟಕ, ಒಂದು ಅಳತೆಪಟ್ಟಿ, ಕತ್ತಲೆ ಮಾಡಬಹುದಾದ ಒಂದು ಕೋಣೆ, ಇವಿಷ್ಟನ್ನು ಒದಗಿಸಿಕೊಳ್ಳುವುದು ನಮ್ಮ ಯಾವ ಊರಿನ ಶಾಲೆಗೂ ಅಸಾಧ್ಯವಲ್ಲ. ಒದಗಿಸಿಕೊಡಿರೆಂದು ಈ ಸಭೆಯಲ್ಲಿರುವ ಹಿರಿಯರೆಲ್ಲರನ್ನೂ ಪ್ರಾರ್ಥಿಸುತ್ತೇನೆ.